ಸಂಪಾದಕರ ಉತ್ತರ: ಉಕ್ಕಿನ ಬಂಪರ್ ಹಾಕಿದ ಮೇಲೆ ಟ್ರಕ್ಕಿನ ಮೂಗು ತಗ್ಗಿದ್ದೇಕೆ?

ಓದುಗರೊಬ್ಬರ ಪತ್ರದ ಸಾರ: “ಹಳ್ಳ ದಾಟುವಾಗ ಬಂಡೆಗೆ ಬಡಿದು ನನ್ನ ಪಿಕಪ್ ಟ್ರಕ್ಕಿನ ಮುಂಬದಿಯ ಪ್ಲಾಸ್ಟಿಕ್ ಬಂಪರ್ ಒಡೆಯಿತು. ಅದರ ಜಾಗಕ್ಕೆ 70 ಕಿಲೋ ತೂಕದ ಉಕ್ಕಿನ ಬಂಪರ್ ತರಿಸಿ, ಗೆಳೆಯನ ನೆರವಿನಿಂದ ಎರಡು ದಿನಗಳಲ್ಲಿ ನಾನೇ ಜೋಡಿಸಿದೆ. ಅದರೊಳಗೆ 38 ಕಿಲೋದ ವಿಂಚ್ (ಸಿಕ್ಕಿಬಿದ್ದ ವಾಹನವನ್ನು ಹಗ್ಗದಿಂದ ಎಳೆಯುವ ಯಂತ್ರ) ಕೂಡ ಇದೆ. ಈಗ ಟ್ರಕ್ಕಿನ ಮೂಗು ಎರಡು ಬೆರಳಿನಷ್ಟು ತಗ್ಗಿದೆ. ಬಲಗಡೆ ಬಂಪರ್‌ಗೂ ಫೆಂಡರ್‌ಗೂ (ಚಕ್ರದ ಮೇಲಿನ ತಗಡು) ನಡುವೆ 6 ಮಿಲಿಮೀಟರ್ ಸಂದಿ, ಎಡಗಡೆ 20. ಗುಂಡಿಗಳಲ್ಲಿ ಟಕ್ ಟಕ್ ಎಂಬ ಸದ್ದು. ಏರ್‌ಬ್ಯಾಗ್ ದೀಪ ಆರುತ್ತಿಲ್ಲ. 3 ಮಿಲಿಮೀಟರ್ ತಗಡಿನ ಬದಲು 5 ಮಿಲಿಮೀಟರಿನದನ್ನು ಕೊಂಡು, ಬೋಲ್ಟು ಬಿಟ್ಟು ಚಾಸಿಗೇ (ವಾಹನದ ಕೆಳಗಿನ ಉಕ್ಕಿನ ಚೌಕಟ್ಟು) ವೆಲ್ಡ್ ಮಾಡಿಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ ಎನ್ನುತ್ತಾನೆ ಗೆಳೆಯ. ಹೌದೇ?”

ಮಾನ್ಯರೇ,

ಅಲ್ಲ. ವೆಲ್ಡಿಂಗ್ ಯಂತ್ರವನ್ನು ದಯವಿಟ್ಟು ಚಾಸಿಯ ಹತ್ತಿರ ತರಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಏರ್‌ಬ್ಯಾಗ್ ದೀಪದ ವಿಷಯ. ನಿಮ್ಮ ಪತ್ರದ ತೊಂದರೆಗಳ ಪಟ್ಟಿಯಲ್ಲಿ ಅದು ಕೊನೆಯಲ್ಲಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೆ.

ಆ ದೀಪ ಉರಿಯುತ್ತಿರುವವರೆಗೆ ನಿಮ್ಮ ಟ್ರಕ್ಕಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆಂದು ನಂಬುವಂತಿಲ್ಲ. ಮುಂಬದಿಯ ಡಿಕ್ಕಿ ಸೆನ್ಸರ್‌ಗಳು ಸಾಮಾನ್ಯವಾಗಿ ರೇಡಿಯೇಟರ್ ಚೌಕಟ್ಟಿನ ಮೇಲೋ ಚಾಸಿಯ ಮುಂತುದಿಯ ಬಳಿಯೋ ಇರುತ್ತವೆ. ಬಂಪರ್ ಕಳಚುವಾಗ ನೀವು ಬ್ಯಾಟರಿ ಬಿಚ್ಚಿದ ವಿಷಯವನ್ನು ಎಲ್ಲೂ ಬರೆದಿಲ್ಲ. ಬ್ಯಾಟರಿ ಬಿಚ್ಚದೆ ಸೆನ್ಸರ್‌ನ ಕನೆಕ್ಟರ್ ಎಳೆದು, ನಡುವೆ ಒಮ್ಮೆ ಕೀಲಿ ತಿರುಗಿಸಿದ್ದರೂ ಸಾಕು, ದೋಷ ದಾಖಲಾಗಿ ದೀಪ ಉರಿಯುತ್ತಲೇ ಇರುತ್ತದೆ. ಕನೆಕ್ಟರ್ ಪೂರ್ತಿ ಕಚ್ಚಿಕೊಂಡಿರದಿದ್ದರೂ ಹೀಗೆಯೇ ಆಗುತ್ತದೆ. ಬ್ಯಾಟರಿಯ ಋಣ ತಂತಿ ಬಿಚ್ಚಿ, ತಯಾರಕರ ಕೈಪಿಡಿ ಹೇಳುವಷ್ಟು ನಿಮಿಷ ಕಾದು, ಎರಡೂ ಬದಿಯ ಕನೆಕ್ಟರ್‌ಗಳನ್ನು ಬೆಳಕು ಹಿಡಿದು ನೋಡಿ. ಸೆನ್ಸರ್ ಮೇಲೆ ಬಾಣದ ಗುರುತಿದ್ದರೆ ಅದು ಮೂಲದಲ್ಲಿದ್ದ ದಿಕ್ಕಿಗೇ ಇರಬೇಕು. ಆಮೇಲೆ ಸ್ಕ್ಯಾನರ್ ಇರುವ ಕಾರ್ಯಾಗಾರದಲ್ಲಿ ದೋಷದ ಸಂಕೇತ ಓದಿಸಿ. ದೋಷ ಹಾಗೇ ಬಿಟ್ಟು, ದೀಪ ಆರಿಸಲು ರೆಸಿಸ್ಟರ್ ಹಾಕಿ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅವರಿಂದ ದೂರವಿರಿ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಒಡೆದುಹೋದ ಭಾಗವನ್ನು ನೀವು “ಬರೀ ಪ್ಲಾಸ್ಟಿಕ್” ಎಂದಿದ್ದೀರಿ. ಆ ಪ್ಲಾಸ್ಟಿಕ್ ಚರ್ಮದ ಹಿಂದೆ ಫೋಮ್ ಇತ್ತು, ಫೋಮಿನ ಹಿಂದೆ ಅಡ್ಡ ತೊಲೆ ಇತ್ತು. ಹಲವು ಟ್ರಕ್ಕುಗಳಲ್ಲಿ ತೊಲೆಗೂ ಚಾಸಿಗೂ ನಡುವೆ ಕುಸಿಯಲೆಂದೇ ಮಾಡಿದ ಎರಡು ಪೆಟ್ಟಿಗೆಗಳಿರುತ್ತವೆ. ಇವೆಲ್ಲ ಒಂದರ ಹಿಂದೊಂದು ಮುದುಡಿ ಹೊಡೆತದ ವೇಗವನ್ನು ತಿನ್ನುತ್ತವೆ. ಅಲ್ಲಿ ಮುದುಡದ ಹೊಡೆತ ಚಾಸಿಯ ಮೂಲಕ ಕ್ಯಾಬಿನ್ನಿಗೆ, ಅಲ್ಲಿಂದ ಸೀಟ್‌ಬೆಲ್ಟಿಗೆ, ಕೊನೆಗೆ ನಿಮ್ಮ ಎದೆಗೆ ಬರುತ್ತದೆ. ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕೆಂಬ ನಿರ್ಧಾರ ಕೆಲವೇ ಮಿಲಿಸೆಕೆಂಡುಗಳಲ್ಲಿ ಆಗಬೇಕು. ಮೂತಿಯ ಗಟ್ಟಿತನ ಬದಲಾದರೆ ಸೆನ್ಸರ್‌ಗೆ ತಲುಪುವ ಹೊಡೆತದ ಸ್ವರೂಪವೂ ಬದಲಾಗುತ್ತದೆ. ಅದಕ್ಕಾಗಿಯೇ ಒಳ್ಳೆಯ ತಯಾರಕರು ಬಂಪರ್‌ನ ಬ್ರಾಕೆಟ್ಟುಗಳನ್ನು (ಅದನ್ನು ಚಾಸಿಗೆ ಜೋಡಿಸುವ ಭಾಗಗಳನ್ನು) ಹೊಡೆತಕ್ಕೆ ಮಡಚಿಕೊಳ್ಳುವಂತೆ ರೂಪಿಸುತ್ತಾರೆ. ನೀವು ಕೊಂಡದ್ದು ಅಂಥದ್ದೇ ಎಂದು ನಿಮ್ಮ ಚಿತ್ರಗಳಿಂದ ತಿಳಿಯುತ್ತದೆ. ಅದನ್ನು ಚಾಸಿಗೆ ಬೆಸೆದುಬಿಟ್ಟರೆ ಮಡಚುವ ಗುಣ ಹೋಗುತ್ತದೆ, ಕಾದ ಜಾಗದಲ್ಲಿ ಚಾಸಿಯ ಉಕ್ಕಿನ ಗುಣ ಕೆಡುತ್ತದೆ, ನಾಳೆ ಬಂಡೆಗೆ ಬಡಿದಾಗ ಬ್ರಾಕೆಟ್ ಬದಲಿಸುವಲ್ಲಿಗೆ ಮುಗಿಯಬೇಕಾದ ಕೆಲಸ ಚಾಸಿ ಕತ್ತರಿಸುವವರೆಗೆ ಹೋಗುತ್ತದೆ.

ತಗಡಿನ ದಪ್ಪ ನೋಡಿ ಬಂಪರ್ ಕೊಳ್ಳುವವರ ಪತ್ರಗಳು ನನಗೆ ಮೇಲಿಂದ ಮೇಲೆ ಬರುತ್ತವೆ. ಪ್ರತಿಯೊಬ್ಬರಿಗೂ ನಾನು ಬರೆಯುವುದು ಒಂದೇ: ಮುಂದಿನ ತಗಡನ್ನು ಬಿಡಿ, ಹಿಂದಿನ ಜೋಡಣೆಯನ್ನು ನೋಡಿ. 3 ಮಿಲಿಮೀಟರ್ ತಗಡನ್ನು ಸರಿಯಾದ ಕೋನಗಳಲ್ಲಿ ಮಡಿಸಿ ಒಳಗೆ ಆಧಾರ ಕೊಟ್ಟರೆ ಅದು ಬಾಗುವುದು ಕಷ್ಟ. 5 ಮಿಲಿಮೀಟರಿನ ಚಪ್ಪಟೆ ತಗಡು ಬಹುಮಟ್ಟಿಗೆ ತೂಕವನ್ನಷ್ಟೇ ತರುತ್ತದೆ.

ಆ ತೂಕವೇ ನಿಮ್ಮ ಟ್ರಕ್ಕಿನ ಮೂಗನ್ನು ತಗ್ಗಿಸಿರುವುದು. ಇದು ಏತದ ಲೆಕ್ಕ. ಬಂಪರ್ 70, ವಿಂಚ್ 38, ಒಟ್ಟು 108 ಕಿಲೋ. ತೆಗೆದ ಹಳೆಯ ಭಾಗಗಳು 18 ಕಿಲೋ ತೂಗಿದವು ಎಂದು ಬರೆದಿದ್ದೀರಿ (ತೂಗಿ ನೋಡಿದ್ದಕ್ಕೆ ನಿಮ್ಮನ್ನು ಮೆಚ್ಚುತ್ತೇನೆ, ಹೆಚ್ಚಿನವರು ನೋಡುವುದಿಲ್ಲ). ಅಂದರೆ ನಿವ್ವಳ 90 ಕಿಲೋ ಹೆಚ್ಚಾಗಿದೆ. ಆದರೆ ಈ ಭಾರ ಮುಂದಿನ ಆಕ್ಸಲ್‌ನ ಮೇಲೆ ಕೂತಿಲ್ಲ, ಅದರಿಂದಾಚೆ ಚಾಚಿಕೊಂಡು ನೇತಾಡುತ್ತಿದೆ. ಆಕ್ಸಲ್‌ನಿಂದ ಭಾರದ ಕೇಂದ್ರಕ್ಕೆ 0.9 ಮೀಟರ್, ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 3 ಮೀಟರ್ ಎಂದಿಟ್ಟುಕೊಳ್ಳಿ. ಆಗ ಮುಂದಿನ ಆಕ್ಸಲ್‌ಗೆ ಬೀಳುವುದು 90 ಅಲ್ಲ, 117 ಕಿಲೋ. ಹಿಂದಿನ ಆಕ್ಸಲ್ 27 ಕಿಲೋ ಹಗುರವಾಗುತ್ತದೆ. ಖಾಲಿ ಟ್ರಕ್ಕಿನ ಹಿಂಬದಿ ಮೊದಲೇ ಹಗುರ; ಒದ್ದೆ ರಸ್ತೆಯ ತಿರುವಿನಲ್ಲಿ ಇದು ನಿಮ್ಮ ಅನುಭವಕ್ಕೆ ಬರುತ್ತದೆ.

ಹಲವು ಟ್ರಕ್ಕುಗಳಲ್ಲಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಫಲಕದಲ್ಲಿ ಮುಂದಿನ ಆಕ್ಸಲ್ ಹೊರಬಹುದಾದ ಗರಿಷ್ಠ ಭಾರ ಇರುತ್ತದೆ. ನಿಮ್ಮ ಎಂದಿನ ಸಾಮಾನು, ಜನರೊಂದಿಗೆ ತೂಕದ ಸೇತುವೆಯ ಮೇಲೆ ಮುಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿ, ಎರಡನ್ನೂ ಹೋಲಿಸಿ. ಮಿತಿಯೊಳಗಿದ್ದರೆ ಈ ಹೆಚ್ಚುವರಿ ಭಾರಕ್ಕೆಂದೇ ಮಾಡಿದ ಸ್ಪ್ರಿಂಗ್ ಹಾಕಿಸಿ. ಮಿತಿ ಮೀರಿದ್ದರೆ ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಏಕೆಂದರೆ ಬೇರಿಂಗ್, ಬಾಲ್ ಜಾಯಿಂಟ್, ಬ್ರೇಕುಗಳ ಶಕ್ತಿ ಸ್ಪ್ರಿಂಗ್ ಜೊತೆಗೆ ಹೆಚ್ಚುವುದಿಲ್ಲ. ಆಗ ತೂಕ ಇಳಿಸುವುದೇ ದಾರಿ. ವಿಂಚ್‌ನ ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗ ಹಾಕಿದರೂ ಹಲವು ಕಿಲೋ ಇಳಿಯುತ್ತದೆ. ವಿಂಚ್ ಅಗತ್ಯವಿದೆಯೇ ಎಂದೂ ಒಮ್ಮೆ ಯೋಚಿಸಿ. ಒಬ್ಬಂಟಿಯಾಗಿ ದೂರದ ಕಾಡುದಾರಿಗಳಿಗೆ ಹೋಗುವುದಿಲ್ಲವೆಂದು ನೀವೇ ಬರೆದಿದ್ದೀರಿ.

ಸ್ಪ್ರಿಂಗ್ ಹಾಕಿಸುವುದಾದರೆ ಕೆಲಸದ ಕ್ರಮ ತಪ್ಪಿಸಬೇಡಿ: ಮೊದಲು ಸ್ಪ್ರಿಂಗ್, ಆಮೇಲೆ ಚಕ್ರಗಳ ಅಲೈನ್‌ಮೆಂಟ್, ಆಮೇಲೆ ಹೆಡ್‌ಲೈಟಿನ ದಿಕ್ಕು. ಗ್ರಿಲ್‌ನ ಹಿಂದೆ, ಮುಂದಿನ ವಾಹನದ ದೂರ ಅಳೆಯುವ ರೇಡಾರ್ ಇದ್ದರೆ ಅದರ ಹೊಂದಾಣಿಕೆ ಎಲ್ಲಕ್ಕೂ ಕೊನೆಗೆ. ಎತ್ತರ ಬದಲಾದಾಗಲೆಲ್ಲ ಇವು ಮೂರೂ ಬದಲಾಗುತ್ತವೆ. ರೇಡಾರ್‌ನ ಎದುರಿಗೆ ಬಂಪರ್‌ನ ಕಮಾನು ಅಡ್ಡ ಬಂದಿದ್ದರೆ ಮಾತ್ರ ಯಾವ ಹೊಂದಾಣಿಕೆಯೂ ಫಲ ಕೊಡದು. ಉಕ್ಕಿನ ಮೂಲಕ ರೇಡಾರ್ ನೋಡಲಾರದು.

ಇನ್ನು ಸಂದಿಯ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅಂದವಾಗಿ ಕಾಣಲೆಂದು ಸಂದಿ ಕಿರಿದಾಗಿಸುವ ಗೀಳು ಎಷ್ಟು ಫೆಂಡರ್‌ಗಳನ್ನು ಹಾಳು ಮಾಡಿದೆಯೆಂದು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮಂಥ ಟ್ರಕ್ಕಿನಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಏಣಿಯಂಥ ಚಾಸಿಯ ಮೇಲೆ ರಬ್ಬರ್ ದಿಂಬುಗಳಿಟ್ಟು ಬಾಡಿಯನ್ನು ಕೂರಿಸಿರುತ್ತಾರೆ. ಒಂದು ಮುಂಚಕ್ರ ಬಂಡೆ ಹತ್ತಿ ಇನ್ನೊಂದು ಗುಂಡಿಗಿಳಿದಾಗ ಚಾಸಿ ತಿರುಚಿಕೊಳ್ಳುತ್ತದೆ, ಬಾಡಿ ಅಷ್ಟೇ ತಿರುಚಿಕೊಳ್ಳುವುದಿಲ್ಲ. ಬಂಪರ್ ಇರುವುದು ಚಾಸಿಯ ಮೇಲೆ. ಫೆಂಡರ್, ಗ್ರಿಲ್, ಹೆಡ್‌ಲೈಟುಗಳಿರುವುದು ಬಾಡಿಯ ಮೇಲೆ. ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಹಾಗಾಗಿ ಎಲ್ಲ ಕಡೆ 12ರಿಂದ 15 ಮಿಲಿಮೀಟರ್ ಸಂದಿ ನಾನು ಕೇಳುತ್ತೇನೆ. ಮೊದಲ ಬಾರಿ ಬಂಪರ್ ಜೋಡಿಸಿದಾಗ ನಾನೂ 5 ಮಿಲಿಮೀಟರ್ ಬಿಟ್ಟು ಬಿಗಿದಿದ್ದೆ. ಮೊದಲ ಕಲ್ಲುದಾರಿಯಲ್ಲೇ ಫೆಂಡರ್‌ನ ಮೂಲೆ ಮಡಚಿತು, ಬಣ್ಣ ಹೋದ ಕಡೆ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿಯಿತು. ನಿಮ್ಮ ಬಲಗಡೆಯ 6 ಮಿಲಿಮೀಟರ್ ಅದೇ ಹಾದಿಯಲ್ಲಿದೆ. ಟಕ್ ಟಕ್ ಸದ್ದು ಅಲ್ಲಿಂದಲೇ ಬರುತ್ತಿರಬಹುದು. ಸಂದಿಯೊಳಗೆ ಬಣ್ಣ ಉಜ್ಜಿದ ಗುರುತಿದೆಯೇ ನೋಡಿ.

ಗುರುತಿಲ್ಲದಿದ್ದರೆ ಸದ್ದು ಬಹುಶಃ ಬೋಲ್ಟುಗಳದ್ದು. ಬ್ರಾಕೆಟ್ಟುಗಳ ಮೇಲೆ ದಪ್ಪನೆಯ ಪೌಡರ್ ಕೋಟಿಂಗ್ ಇರುತ್ತದೆ. ಬಿಗಿದಾಗ ಗಟ್ಟಿಯಾಗಿ ಕೂತ ಬೋಲ್ಟು, ದಿನ ಕಳೆದಂತೆ ಆ ಲೇಪ ಒತ್ತಿಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಬೋಲ್ಟಿನ ತಲೆಯ ಕೆಳಗೆ ಬರುವಷ್ಟು ಜಾಗದಲ್ಲಿ ಲೇಪವನ್ನು ಕೆರೆದು ತೆಳುವಾಗಿ ಸತುವಿನ ಪ್ರೈಮರ್ ಹಚ್ಚಿ, ಉದ್ದ ತೂತುಗಳಿರುವ ಕಡೆ ದಪ್ಪ ಗಟ್ಟಿ ವಾಷರ್ ಹಾಕಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ದರ್ಜೆ ಇರಬೇಕು. ಗುರುತೇ ಇಲ್ಲದ ಬೋಲ್ಟು ಈ ಜಾಗಕ್ಕೆ ಬೇಡ. ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ, ತಲೆಯಿಂದ ಬ್ರಾಕೆಟ್‌ವರೆಗೆ ಬಣ್ಣದ ಗೆರೆ ಎಳೆಯಿರಿ. ಮೊದಲ ಒರಟು ಪ್ರಯಾಣದ ನಂತರ ಮತ್ತೆ ಪರೀಕ್ಷಿಸಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಎಂದರ್ಥ. ಗೆರೆ ಸರಿಯಿದ್ದರೂ ರೆಂಚ್ ಹಿಡಿದು ನೋಡಿ, ಏಕೆಂದರೆ ಲೇಪ ಒತ್ತಿಹೋಗಿ ಸಡಿಲಾದ ಬೋಲ್ಟು ತಿರುಗಿರುವುದಿಲ್ಲ.

ಎಡಬಲಗಳ ವ್ಯತ್ಯಾಸ ನನ್ನನ್ನು ಇನ್ನೂ ಚಿಂತೆಗೀಡುಮಾಡಿದೆ. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯುತ್ತ ಬಂದಿದ್ದರೆ ಬಂಪರ್ ಓರೆಯಾಗುವುದು ಸಹಜ. ಮೊದಲು ಅದನ್ನು ಸರಿಪಡಿಸಿ: ಬಂಪರ್‌ನ ಕೆಳಗೆ ಟ್ರಾಲಿ ಜ್ಯಾಕ್ ಕೊಟ್ಟು, ಎಲ್ಲ ಬೋಲ್ಟುಗಳನ್ನು ಸಡಿಲಿಸಿ, ಎರಡೂ ಸಂದಿಗಳಲ್ಲಿ ಒಂದೇ ದಪ್ಪದ ಮರದ ಚಕ್ಕೆ ಇಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. 108 ಕಿಲೋ ಜ್ಯಾಕಿನ ಮೇಲಿರುವಾಗ ಕೆಳಗೆ ಕೈ, ಕಾಲು ಇಡಬೇಡಿ, ಒಬ್ಬರೇ ಮಾಡಬೇಡಿ. ಹೀಗೆ ಮಾಡಿದರೂ ಸಂದಿ ಸಮವಾಗದಿದ್ದರೆ ಹಾರೆಯಿಂದ ಮೀಟುವ, ಫೆಂಡರ್ ಬಡಿಯುವ ಕೆಲಸಕ್ಕೆ ಇಳಿಯಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಹಳ್ಳದಲ್ಲಿ ಬಂಡೆಗೆ ಬಡಿದದ್ದು ಬಲಗಡೆಗೆ ಎಂದು ನಿಮ್ಮ ಪತ್ರದಲ್ಲೇ ಇದೆ. ಪ್ಲಾಸ್ಟಿಕ್ ಒಡೆದ ಆ ಪೆಟ್ಟು ಚಾಸಿಯ ಬಲ ತುದಿಯನ್ನೂ ಹಿಂದಕ್ಕೆ ದೂಡಿರಬಹುದೆಂಬುದು ನನ್ನ ಅನುಮಾನ.

ಇದು ನಿಜವಾದರೆ ವಿಂಚ್ ಬಳಸುವುದು ಅಪಾಯ. ವಿಂಚ್‌ನ ಎಳೆತವಾಗಲಿ, ಶ್ಯಾಕಲ್ (ಹಗ್ಗ ಸಿಕ್ಕಿಸುವ ಉಕ್ಕಿನ ಕೊಂಡಿ) ಕೂರುವ ಕಿವಿಗೆ ಹಗ್ಗ ಕಟ್ಟಿ ಬೇರೆ ವಾಹನ ಎಳೆಯುವಾಗಿನ ಜಗ್ಗಾಟವಾಗಲಿ, ಬಂಪರ್‌ನಿಂದ ಬ್ರಾಕೆಟ್‌ಗೆ, ಬ್ರಾಕೆಟ್‌ನಿಂದ ಚಾಸಿಯ ಆ ಎರಡು ತುದಿಗಳಿಗೇ ಹೋಗುವುದು. ಶ್ಯಾಕಲ್ ಕಿವಿಗಳನ್ನೂ ನೋಡಿ: ಕಿವಿಯ ದಪ್ಪ ಪಟ್ಟಿ ಮುಂದಿನ ತಗಡನ್ನು ತೂರಿ ಒಳಗೆ ಹೋಗಿ ಬ್ರಾಕೆಟ್‌ಗೆ ಸೇರಿರಬೇಕು. ತಗಡಿನ ಮೇಲ್ಮೈಗೆ ಬೆಸೆದು ನಿಲ್ಲಿಸಿದ್ದರೆ ಅದಕ್ಕೆ ಹಗ್ಗ ಹಾಕಲೇಬೇಡಿ. ಕಿತ್ತುಬಂದ ಶ್ಯಾಕಲ್ ಮನುಷ್ಯನನ್ನು ಕೊಲ್ಲುತ್ತದೆ. ವಿಂಚ್‌ನ ಮೇಲೆ ಬರೆದ ಎಳೆಯುವ ಶಕ್ತಿ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಾಗಿನದು. ಹಗ್ಗ ಪದರ ಪದರವಾಗಿ ಸುತ್ತಿದಂತೆ ಆ ಶಕ್ತಿ ಇಳಿಯುತ್ತದೆ.

ರೇಡಿಯೇಟರ್‌ಗೆ ಗಾಳಿ ದಾರಿ ತೋರಿಸುತ್ತಿದ್ದ ಪ್ಲಾಸ್ಟಿಕ್ ಹಾಳೆಗಳನ್ನು ಎಸೆಯದೆ ಇಟ್ಟಿದ್ದರೆ ಕತ್ತರಿಸಿಯಾದರೂ ಮತ್ತೆ ಹಾಕಿ. ವಿಂಚ್ ಕೂತಿರುವುದು ಗಾಳಿಯ ದಾರಿಯಲ್ಲೇ. ಮೊದಲ ಉದ್ದನೆಯ ಏರಿನಲ್ಲಿ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಊರೊಳಗೂ ಇದೇ ಟ್ರಕ್ ಓಡಿಸುತ್ತೀರಿ. ಫೋಮ್, ಪ್ಲಾಸ್ಟಿಕ್ ಇದ್ದದ್ದು ಟ್ರಕ್ಕಿಗಾಗಿ ಮಾತ್ರವಲ್ಲ, ಅದರ ಎದುರಿಗೆ ಅಕಸ್ಮಾತ್ ಬರುವ ಪಾದಚಾರಿಯ ಕಾಲಿಗಾಗಿ, ಮಗುವಿನ ತಲೆಗಾಗಿ ಕೂಡ. ವಿಶ್ವಸಂಸ್ಥೆಯ 127ನೇ ವಾಹನ ನಿಯಮ ಇರುವುದೇ ಪಾದಚಾರಿಗಳ ರಕ್ಷಣೆಗೆ. ಉಕ್ಕಿನ ಬಂಪರ್ ಈ ಮೆತ್ತನೆಯನ್ನು ಕಿತ್ತುಕೊಳ್ಳುತ್ತದೆ. ಇಂಥ ಬಂಪರ್‌ಗಳಿಗೆ ಹಲವು ದೇಶಗಳಲ್ಲಿ ನಿರ್ಬಂಧವಿದೆ. ನಿಮ್ಮಲ್ಲಿನ ನಿಯಮವನ್ನು ಕೇಳಿ ತಿಳಿಯಿರಿ, ವಿಮೆಯವರಿಗೂ ಬರೆದು ತಿಳಿಸಿ. ಚಿತ್ರದಲ್ಲಿ ಕಾಣುವ, ಹೆಡ್‌ಲೈಟಿನ ಎತ್ತರಕ್ಕೆ ಏರಿದ ಆ ಕೊಳವೆಯ ಕಮಾನು ಬೋಲ್ಟಿನಲ್ಲಿ ನಿಂತಿದ್ದರೆ ಇವತ್ತೇ ಬಿಚ್ಚಿಡಿ. ಬಂಡೆಗಳು ಆ ಎತ್ತರಕ್ಕೆ ಬಂದು ಬಡಿಯುವುದಿಲ್ಲ.

ಈ ವಾರ ಒಂದು ಅಳತೆ ತೆಗೆದು ಕಳುಹಿಸಿ. ಟ್ರಕ್ಕನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಾಸಿಯ ಎರಡೂ ಬದಿಗಳಲ್ಲಿ ಒಂದಕ್ಕೊಂದು ಸರಿಯಾಗಿ ಎದುರಿರುವ ಕಾರ್ಖಾನೆಯ ತೂತುಗಳನ್ನು ಆರಿಸಿಕೊಳ್ಳಿ, ಒಂದು ಜೋಡಿ ಮುಂತುದಿಯಲ್ಲಿ, ಇನ್ನೊಂದು ಆಕ್ಸಲ್‌ನ ಹಿಂದೆ. ತೂತುಗಳಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ನಾಲ್ಕು ಗುರುತು ಮಾಡಿ, ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಇದ್ದರೆ ದೋಷ ಬಹುಶಃ ಬಂಪರ್‌ನ ಬ್ರಾಕೆಟ್‌ನಲ್ಲಿದೆ, ತಯಾರಕರಿಂದ ಬದಲಿಸಿಕೊಳ್ಳಿ. ಕೆಲವು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಂಪರ್ ಇಳಿಸಿಟ್ಟು, ಚಾಸಿ ನೇರ ಮಾಡುವ ಯಂತ್ರವಿರುವ ಕಡೆಗೆ ಟ್ರಕ್ ಒಯ್ಯಬೇಕಾಗುತ್ತದೆ.

— ಸಂಪಾದಕ