ಸಂಪಾದಕರ ಉತ್ತರ: ಸಂಗತಿ ಹುಡುಗನದು, ತತ್ವ ಯಾರದು?

ಬಾಲ್ಟಿಮೋರ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಶನಿವಾರಗಳಂದು ಬಡಾವಣೆಯ ಲೈಬ್ರರಿಯಲ್ಲಿ ಹದಿಮೂರು-ಹದಿನಾರು ವಯಸ್ಸಿನ ಆಫ್ರಿಕನ್-ಅಮೆರಿಕನ್ ಹುಡುಗರಿಗೆ ಬರವಣಿಗೆ ಹೇಳಿಕೊಡಲು ಹೋಗುತ್ತಾರಂತೆ. ಹುಡುಗರು ಮೂರು ಸಾಲು ಬರೆದು ಪೆನ್ಸಿಲ್ ಇಟ್ಟುಬಿಡುತ್ತಾರೆ, ಬರೆದರೂ ಬರೀ ಬಾಸ್ಕೆಟ್‌ಬಾಲ್, ಅದೂ ಬೀದಿಯ ಇಂಗ್ಲಿಷಿನಲ್ಲಿ. ಅವರೊಳಗಿನ ನೋವನ್ನು ಹೊರತೆಗೆಯುವುದು ಹೇಗೆ, ಭಾಷೆ ತಿದ್ದಬೇಕೆ, ಪುಸ್ತಕ ಮಾಡಿದರೆ ಮುನ್ನುಡಿ ನಾನೇ ಬರೆಯಬಹುದೆ ಎಂದು ಕೇಳಿದ್ದಾರೆ.

ನೀವು ಅಲ್ಲಿಗೆ ಹೋಗುತ್ತಿರುವುದೇ ದೊಡ್ಡದು ಸ್ವಾಮಿ. ನಮ್ಮವರಲ್ಲಿ ಅನೇಕರು ಅಂಥ ಬೀದಿ ಬಂದರೆ ಕಾರಿನ ಗಾಜು ಏರಿಸಿಕೊಳ್ಳುತ್ತಾರೆ. ಆದರೆ ನೋವನ್ನು ಹೊರತೆಗೆಯಲು ನಿಮಗೆ ಹೇಳಿದವರು ಯಾರು?

ನಿಮ್ಮ ಊರಿನ ಹುಡುಗನೊಬ್ಬನನ್ನೇ ನೋಡಿ. ಗುಲಾಮನಾಗಿ ಬೆಳೆದು ಮುಂದೆ ದೊಡ್ಡ ಲೇಖಕನಾದ ಫ್ರೆಡರಿಕ್ ಡಗ್ಲಸ್‌ಗೆ ಅಕ್ಷರ ತಿದ್ದಿಸುತ್ತಿದ್ದ ಒಡತಿಯನ್ನು ಆಕೆಯ ಗಂಡ ತಡೆದ. ಹುಡುಗ ಹಡಗು ಕಟ್ಟುವ ಅಂಗಳಕ್ಕೆ ಕಣ್ಣು ಹಾಕಿದ. ಬಡಗಿಗಳು ಕೆತ್ತಿದ ಮರ ಹಡಗಿನ ಎಡಬದಿಗೆ ಹೋಗುವುದಾದರೆ ‘ಎಲ್’, ಬಲಬದಿಗಾದರೆ ‘ಎಸ್’, ಮುಂಭಾಗಕ್ಕೆ ‘ಎಫ್’, ಹಿಂಭಾಗಕ್ಕೆ ‘ಎ’ ಎಂದು ಗುರುತು ಹಾಕುತ್ತಿದ್ದರು. ಆ ನಾಲ್ಕು ಅಕ್ಷರ ಕಲಿತು, ಬೀದಿ ಹುಡುಗರ ಮುಂದೆ ‘ನಿಮ್ಮಷ್ಟೇ ಚೆನ್ನಾಗಿ ಬರೆಯಬಲ್ಲೆ’ ಎಂದು ಪಂಥ ಕಟ್ಟುತ್ತಿದ್ದ. ಅವನನ್ನು ಸೋಲಿಸಲು ಅವರು ಬರೆದು ತೋರಿಸಿದ್ದನ್ನೆಲ್ಲ ಕಲಿತುಕೊಂಡ. ಬೇಲಿ, ಗೋಡೆ, ಕಾಲುದಾರಿಯೇ ಅವನ ಪುಸ್ತಕ. ಸುಣ್ಣದ ಕಡ್ಡಿಯೇ ಲೇಖನಿ. ಕಲಿತ ಕೈ 1836ರಲ್ಲಿ ಮಾಡಿದ್ದೇನು? ತನಗೂ ಗೆಳೆಯರಿಗೂ ತಪ್ಪಿಸಿಕೊಂಡು ಹೋಗಲು ಬಿಳಿಯ ಒಡೆಯನೊಬ್ಬನ ಹೆಸರಿನಲ್ಲಿ ರಹದಾರಿ ಚೀಟಿ ಬರೆಯಿತು. ಆ ಸಲ ಸಿಕ್ಕಿಬಿದ್ದರು, ಅದು ಬೇರೆ ಮಾತು. ದಕ್ಷಿಣ ಕೆರೊಲಿನಾದ 1740ರ ಕಾಯಿದೆ ಗುಲಾಮರಿಗೆ ಬರೆಯಲು ಕಲಿಸಿದವರಿಗೆ ನೂರು ಪೌಂಡ್ ದಂಡ ಹಾಕಿತ್ತು. ಓದಲು ಕಲಿಸುವುದನ್ನು ಅದರಲ್ಲಿ ನಿಷೇಧಿಸಿರಲಿಲ್ಲ. ಯಾವುದಕ್ಕೆ ಹೆದರಬೇಕೆಂದು ಒಡೆಯರಿಗೆ ಗೊತ್ತಿತ್ತು.

ಡಗ್ಲಸ್‌ಗೆ ಆಮೇಲೆ ಸಿಕ್ಕಿದ್ದು ಒಳ್ಳೆಯವರ ಕಾಟ. ಗುಲಾಮಗಿರಿ ವಿರೋಧಿ ಸಭೆಗಳಲ್ಲಿ ಅವನು ಬರೀ ನಡೆದದ್ದನ್ನು ಹೇಳಿ ಸಾಕಾಗಿ, ಅದರ ಬಗ್ಗೆ ತನ್ನ ವಿಚಾರ ಹೇಳಹೊರಟಾಗ, ಬಿಳಿಯ ಮಿತ್ರ ಜಾನ್ ಕಾಲಿನ್ಸ್, ‘ಸಂಗತಿ ನೀನು ಕೊಡು, ತತ್ವ ನಾವು ನೋಡಿಕೊಳ್ಳುತ್ತೇವೆ’ ಎಂದ. ನಿಮ್ಮ ಪತ್ರದಲ್ಲಿ ನನಗೆ ಕೇಳಿಸಿದ್ದು ಇದೇ ದನಿ. ನೋವು ಅವರದು, ಅರ್ಥ ನಿಮ್ಮದು!

ಬಾಸ್ಕೆಟ್‌ಬಾಲ್ ಬರೆದರೆ ಬರೆಯಲಿ. ‘ನಿನ್ನ ಬದುಕಿನ ಬಗ್ಗೆ ಬರಿ’ ಅಂದರೆ ಯಾವ ಹುಡುಗನೂ ಬರೆಯುವುದಿಲ್ಲ. ಪಕ್ಕದಲ್ಲಿ ಕೂತವನು ನಗುತ್ತಾನೆಂಬ ಭಯ. ಅವನಿಗೆ ಚೆನ್ನಾಗಿ ಗೊತ್ತಿರುವ ಕೆಲಸ ಕೇಳಿ: ಕ್ಷೌರದಂಗಡಿಯಲ್ಲಿ ಹಣೆಯಂಚಿನ ಗೆರೆ ತೆಗೆಯುವಾಗ ಮೊದಲು ಮಿಷನ್ ಎಲ್ಲಿ ಇಡುತ್ತಾರೆ, ಗೆರೆ ಒಂದು ಕೂದಲು ಹಿಂದೆ ಸರಿದರೆ ಏನಾಗುತ್ತದೆ, ಕುರ್ಚಿಯಲ್ಲಿ ಕೂತವನು ಏನಂತಾನೆ? ‘ಏನಂತಾನೆ’ ಅಂದೊಡನೆ ಸಂಭಾಷಣೆ ಬಂತು, ಅದರ ಹಿಂದೆ ಕಥೆ ಬಂತು. ಪೆನ್ಸಿಲ್ ಕಿತ್ತುಕೊಂಡು ಪೆನ್ನು ಕೊಡಿ, ರಬ್ಬರ್ ಇದ್ದರೆ ಮೊದಲ ಸಾಲನ್ನೇ ಅರ್ಧ ಗಂಟೆ ಅಳಿಸುತ್ತಾರೆ. ಹತ್ತು ನಿಮಿಷ ಎಲ್ಲರೂ ಬರೆಯಬೇಕು, ನೀವೂ ಸೇರಿ. ಮೇಷ್ಟ್ರು ಹಿಂದೆ ನಿಂತು ಇಣುಕಿದರೆ ಕೈ ನಿಲ್ಲುತ್ತದೆ. ಕೈ ಓಡದವನಿಗೆ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಲು ಬಿಡಿ. ಅದನ್ನು ಒಂದಕ್ಷರ ಬದಲಿಸದೆ, ಸಾಲಿನ ನಡುವೆ ಜಾಗ ಬಿಟ್ಟು ಟೈಪ್ ಮಾಡಿ ಮುಂದಿನ ವಾರ ಅವನ ಕೈಗಿಡಿ. ತನ್ನ ಮಾತು ಅಚ್ಚಿನಲ್ಲಿ ಕಂಡವನು ತಾನೇ ತಿದ್ದಲು ಶುರುಮಾಡುತ್ತಾನೆ.

ಪರೀಕ್ಷೆಗೆ, ಕೆಲಸಕ್ಕೆ ಶಾಲೆಯ ಇಂಗ್ಲಿಷ್ ಬೇಕು, ಒಪ್ಪಿದೆ. ಅದನ್ನು ಬೇರೆ ದಿನ ಕಲಿಸಿ. ಕರಡಿನ ಮೇಲೆ ಕೆಂಪು ಪೆನ್ನು ಬೇಡ. ಮೊದಲ ಸಲ ಓದಿ ಪ್ರಶ್ನೆ ಮಾತ್ರ ಕೇಳಿ, ಎರಡನೇ ಸಲ ಅವನಿಂದಲೇ ಗಟ್ಟಿಯಾಗಿ ಓದಿಸಿ, ಕಾಗುಣಿತಕ್ಕೆ ಕೈ ಹಾಕುವುದು ಮೂರನೇ ಸಲ. 1979ರಲ್ಲೇ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶರು, ಕಪ್ಪು ಮಕ್ಕಳ ಮನೆಮಾತನ್ನು ಗಣನೆಗೆ ತೆಗೆದುಕೊಂಡು ಓದು ಕಲಿಸಿ ಎಂದು ಶಾಲೆಗಳಿಗೆ ಹೇಳಿದ್ದರು. ನಮ್ಮಲ್ಲೇನು ಕಡಿಮೆ? ಎಪ್ಪತ್ತರ ದಶಕದಲ್ಲಿ ಕೇರಿಯ ಹುಡುಗರು ಕೇರಿಯ ಮಾತಲ್ಲೇ ಬರೆದಾಗ ಮೂಗು ಮುರಿದವರ ವಂಶ ಇನ್ನೂ ಸಂಪಾದಕರ ಕುರ್ಚಿಗಳಲ್ಲಿದೆ. ಬಳ್ಳಾರಿಯ ಹುಡುಗನ ಕಥೆ ಬಂದರೆ ಅದನ್ನು ಮೈಸೂರಿನ ಕನ್ನಡಕ್ಕೆ ಇಸ್ತ್ರಿ ಮಾಡಿ ಅಚ್ಚಿಗೆ ಕಳಿಸುವುದು, ಆಮೇಲೆ ‘ಹೊಸಬರಲ್ಲಿ ಸೊಗಡಿಲ್ಲ’ ಎಂದು ವಿಶೇಷಾಂಕದಲ್ಲಿ ಗೋಳಾಡುವುದು!

ನೋವಿಗೆ ಅಲ್ಲಿ ಮಾರುಕಟ್ಟೆಯೂ ಇದೆ. ಅನೇಕ ಕಾಲೇಜುಗಳು ಅರ್ಜಿಯ ಜತೆ ತನ್ನ ಬಗ್ಗೆ ಒಂದು ಪ್ರಬಂಧ ಕೇಳುತ್ತವೆ, ಅದಕ್ಕೆ ಸಾಮಾನ್ಯವಾಗಿ 650 ಪದಗಳ ಮಿತಿ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಡೆದ ಮೇಲೆ, ಅದರ ಬಗ್ಗೆ ಹೇಳಿಕೊಳ್ಳಲು ಆ ಪ್ರಬಂಧವೇ ಮುಖ್ಯ ಜಾಗವಾಗಿ ಉಳಿಯಿತು. ಹುಡುಗರು ಅಣ್ಣನ ಸಾವನ್ನು ಅಳತೆಗೆ ಕತ್ತರಿಸಿ ಕೊಡುವುದನ್ನು ಕಲಿಯುತ್ತಾರೆ. ನಿಮ್ಮ ಶನಿವಾರವೂ ಅದಕ್ಕೇ ಬೇಕೆ?

ಮಕ್ಕಳ ಪುಸ್ತಕ ಬರೆಯುತ್ತಿದ್ದ ಹಾರ್ಲೆಂನ ವಾಲ್ಟರ್ ಡೀನ್ ಮೈಯರ್ಸ್ ಸಾಯುವ ಕೆಲವೇ ತಿಂಗಳ ಮುಂಚೆ, 2014ರಲ್ಲಿ, ಒಂದು ಲೆಕ್ಕ ಮುಂದಿಟ್ಟರು: ಹಿಂದಿನ ವರ್ಷದ 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರ ಬಗ್ಗೆ ಇದ್ದವು 93. ನಿಮ್ಮ ಮೇರಿಲ್ಯಾಂಡಿನಲ್ಲೇ ಬೆಳೆದ ಲೇಖಕ ಜೇಸನ್ ರೆನಾಲ್ಡ್ಸ್ ಹದಿನೇಳರವರೆಗೆ ಒಂದು ಕಾದಂಬರಿಯನ್ನೂ ಪೂರ್ತಿ ಓದಿರಲಿಲ್ಲವಂತೆ. ರ್‍ಯಾಪ್ ಸಾಹಿತ್ಯದಿಂದ ಕವಿತೆಗೆ ಬಂದವರು. ಅದನ್ನೂ ಬರವಣಿಗೆಯೆಂದೇ ಎಣಿಸಿ.

ಒಂದು ಎಚ್ಚರ ಮಾತ್ರ ಕಡ್ಡಾಯ. ಅಲ್ಲಿ ರ್‍ಯಾಪ್ ಸಾಲುಗಳನ್ನೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತೋರಿಸುತ್ತಾರೆ. ಇದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ 2022ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಹೊಡೆದಾಟ, ಬಂದೂಕು ಬಂದ ಬರಹದಲ್ಲಿ ‘ನಾನು’ ಹೋಗಿ ‘ಅವನು’ ಬರಲಿ, ಬೀದಿ ಹೆಸರು, ಅಡ್ಡಹೆಸರು ಬದಲಾಗಲಿ. ಕೇಸು ನಡೆಯುತ್ತಿರುವ ಹುಡುಗನ ಪುಟ ವಕೀಲರು ನೋಡದೆ ಹೊರಬೀಳಬಾರದು. ಮನೆಯವರ ಸಹಿ ಇರಲಿ, ಹುಡುಗನದೂ ಇರಲಿ. ಆನ್‌ಲೈನ್ ಬೇಡವೇ ಬೇಡ.

ಪುಸ್ತಕ ದೊಡ್ಡದಾಗಬೇಕಿಲ್ಲ. ಐದು ಹಾಳೆ ನಡುವೆ ಮಡಚಿದರೆ 20 ಪುಟ, ಬೆನ್ನಿಗೆ ಎರಡು ಪಿನ್ನು. ಪುಟ ಯಾವಾಗಲೂ ನಾಲ್ಕರ ಲೆಕ್ಕದಲ್ಲಿರಲಿ, ಇಲ್ಲವಾದರೆ ಕೊನೆಗೆ ಖಾಲಿ ಪುಟ ಉಳಿದು, ಅಲ್ಲಿ ಯಾರಾದರೂ ಸಂದೇಶ ತುರುಕುತ್ತಾರೆ. ಒಬ್ಬೊಬ್ಬನಿಗೆ ಎರಡು ಪುಟ, ಐದು ಪ್ರತಿ.

ಇನ್ನು ಮುನ್ನುಡಿ. 1845ರಲ್ಲಿ ಡಗ್ಲಸ್ ಆತ್ಮಕಥೆ ಬಂದಾಗ ‘ಇದು ಇವನೇ ಬರೆದದ್ದು’ ಎಂಬ ಭರವಸೆಗೆ ಗ್ಯಾರಿಸನ್‌ನ ಮುನ್ನುಡಿ, ಫಿಲಿಪ್ಸ್‌ನ ಪತ್ರ ಬೇಕಾದವು, ಇಬ್ಬರೂ ಗುಲಾಮಗಿರಿ ವಿರೋಧಿಸುತ್ತಿದ್ದ ಬಿಳಿಯರು. 1855ರ ಎರಡನೇ ಆತ್ಮಕಥೆಗೆ ಪ್ರಸ್ತಾವನೆ ಬರೆದದ್ದು ಜೇಮ್ಸ್ ಮೆಕ್ಯೂನ್ ಸ್ಮಿತ್ ಎಂಬ ಕಪ್ಪು ವೈದ್ಯ. ಹಾಗಾಗಿ ನಿಮ್ಮ ಮುನ್ನುಡಿ ಬೇಡ. ಹುಡುಗರಲ್ಲೇ ವಾಚಾಳಿ ಒಬ್ಬನಿರುತ್ತಾನೆ, ಅವನಿಗೆ ಕೊಡಿ. ಕೊನೆಯ ಪುಟದಲ್ಲಿ ಕಾಗದ, ಪಿನ್ನಿನ ಖರ್ಚು ಕೊಟ್ಟವರು ಎಂದು ಸಣ್ಣ ಅಕ್ಷರದಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ, ನನ್ನದೇನೂ ತಕರಾರಿಲ್ಲ.