ಬಾಡಿಗೆಯಲ್ಲೇ ಕಂತು ತೀರುತ್ತಾ?

ಪ್ರಶ್ನೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ವರ್ಷದ ಸಂಬಳ 15 ಲಕ್ಷ. ಬಳ್ಳಾರಿಯ ಪಾರ್ವತಿ ನಗರದಲ್ಲಿ ಸ್ವಂತ ಮನೆ ಇದೆ, ಅದರ ಮೇಲೆ ಸಾಲ ಇಲ್ಲ, ಮಹಡಿ ಕಟ್ಟಿಲ್ಲ. ಈಗ ಕೌಲ್ ಬಜಾರ್ ಕಡೆ ಎರಡು ಅಂತಸ್ತಿನ ಹಳೆ ಮನೆಯೊಂದು 60 ಲಕ್ಷಕ್ಕೆ ಬಂದಿದೆ. ಕೆಳಗಿನ ಮನೆಗೆ 10 ಸಾವಿರ, ಮೇಲಿನದಕ್ಕೆ 8 ಸಾವಿರ ಬಾಡಿಗೆ. 25 ಲಕ್ಷ ಎಫ್‌ಡಿಯಲ್ಲಿದೆ, 35 ಲಕ್ಷ ಸಾಲ ಮಾಡಬೇಕು. ಬಾಡಿಗೆಯಲ್ಲೇ ಕಂತು ತೀರುತ್ತೆ, ಟ್ಯಾಕ್ಸೂ ಉಳಿಯುತ್ತೆ ಅನ್ನುತ್ತಾರೆ ಬ್ರೋಕರ್. ಕಾಗದದಲ್ಲಿ 40 ಲಕ್ಷ ತೋರಿಸಿ, ಉಳಿದ 20 ಕ್ಯಾಶ್ ಕೊಡಿ ಅನ್ನುತ್ತಾರೆ ಮಾರುವವರು. ನಮ್ಮ ಮನೆಯವರಿಗೆ ಇದು ಒಪ್ಪಿಗೆ ಇಲ್ಲ. ಏನು ಮಾಡಲಿ?
– ಹೆಸರು ಬೇಡ, ಬಳ್ಳಾರಿ

ಉತ್ತರ: ನಿಮ್ಮ ಮನೆಯವರ ಮಾತು ಕೇಳಿ ಸರ್. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

ಮೊದಲನೆಯದು, ಆ ಮನೆ 60 ಲಕ್ಷಕ್ಕೆ ಬರುವುದಿಲ್ಲ. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅಂದರೆ 3 ಲಕ್ಷ. ಆ ಡ್ಯೂಟಿಯ ಮೇಲೆ 10 ಪರ್ಸೆಂಟ್ ಸೆಸ್, ನಗರದಲ್ಲಿ 2 ಪರ್ಸೆಂಟ್ ಸರ್‌ಚಾರ್ಜ್, ಎರಡೂ ಸೇರಿ 36 ಸಾವಿರ. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್ ಆಗಿದೆ, ಅದು 1.20 ಲಕ್ಷ. ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಬ್ತೇ ಒಟ್ಟು 4.56 ಲಕ್ಷ ಆಯಿತು. ಬ್ರೋಕರ್ ಕಮಿಷನ್, ವಕೀಲರ ಫೀಜು, ಹಳೆ ಮನೆ ಅಂದಮೇಲೆ ಸುಣ್ಣಬಣ್ಣ ಎಲ್ಲ ಸೇರಿದರೆ 65 ಲಕ್ಷ ದಾಟುತ್ತದೆ. ಈ ಖರ್ಚಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ನಿಮ್ಮ 25 ಲಕ್ಷ ಸಾಲುವುದಿಲ್ಲ, ಇನ್ನೂ 5 ಲಕ್ಷ ಬೇಕು. ಇದನ್ನು ಬ್ರೋಕರ್ ಹೇಳಿರಲಿಕ್ಕಿಲ್ಲ ಅಲ್ವಾ?

ಇನ್ನು ಬಾಡಿಗೆ. ತಿಂಗಳಿಗೆ 18 ಸಾವಿರ ಅಂದರೆ ವರ್ಷಕ್ಕೆ 2.16 ಲಕ್ಷ. ಆದರೆ ವರ್ಷದಲ್ಲಿ ಒಂದು ತಿಂಗಳಾದರೂ ಖಾಲಿ ಬೀಳುತ್ತದೆ ಅಂತಲೇ ಹಿಡಿಯಿರಿ, ಅದರಲ್ಲೂ ಬಳ್ಳಾರಿಯ ಬೇಸಿಗೆಯಲ್ಲಿ ಮೇಲಿನ ಮನೆ ಕಾದ ಹೆಂಚು, ಮಾರ್ಚ್ ಕಳೆಯುತ್ತಿದ್ದಂತೆ ಜನ ಬೇರೆ ಮನೆ ಹುಡುಕಲು ಶುರು ಮಾಡುತ್ತಾರೆ. ಅಲ್ಲಿಗೆ 1.98 ಲಕ್ಷ. ಪಾಲಿಕೆಯ ಕಂದಾಯ 6 ಸಾವಿರ, ಮೋಟರ್, ನಲ್ಲಿ, ಸೋರುವ ಮಾಳಿಗೆಗೆ 20 ಸಾವಿರ ಅಂತ ತೆಗೆದರೆ ಉಳಿಯುವುದು 1.72 ಲಕ್ಷ. 65 ಲಕ್ಷ ಹಾಕಿದ್ದಕ್ಕೆ ನೂರಕ್ಕೆ ಎರಡೂವರೆ ರೂಪಾಯಿ ಚಿಲ್ಲರೆ! ಸಾಲಕ್ಕೆ ಮಾತ್ರ ನೀವು ನೂರಕ್ಕೆ ಎಂಟೂವರೆ ಕೊಡುತ್ತೀರಿ ಅಂತ ಹಿಡಿಯಿರಿ.

ಹಾಗಾದರೆ ಕಂತು? 35 ಲಕ್ಷಕ್ಕೆ 8.5ರ ಬಡ್ಡಿ, 20 ವರ್ಷ ಅಂದುಕೊಂಡರೆ ತಿಂಗಳಿಗೆ ಸುಮಾರು 30,400. ಎಲ್ಲ ಖರ್ಚು ಕಳೆದ ಬಾಡಿಗೆಯನ್ನು ಪೂರ್ತಿ ಅದಕ್ಕೇ ಸುರಿದರೂ ತಿಂಗಳಿಗೆ 16 ಸಾವಿರ ನಿಮ್ಮ ಸಂಬಳದಿಂದ ಹೋಗುತ್ತದೆ.

ಟ್ಯಾಕ್ಸ್ ಉಳಿಯುತ್ತೆ ಅನ್ನುವುದು ಹಳೆ ಕಾಲದ ಮಾತು. ಲೆಕ್ಕ ಹೀಗಿದೆ: ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆಯುತ್ತಾರೆ, ಉಳಿದದ್ದರಲ್ಲಿ 30 ಪರ್ಸೆಂಟ್ ರಿಪೇರಿ ಬಾಬ್ತು ಅಂತ ಬಿಡುತ್ತಾರೆ (ನೀವು ಖರ್ಚು ಮಾಡಿ, ಬಿಡಿ, ಬಿಲ್ ಕೇಳುವುದಿಲ್ಲ), ಆಮೇಲೆ ಸಾಲದ ಬಡ್ಡಿ ಕಳೆಯುತ್ತಾರೆ. ಬಡ್ಡಿ ಕಳೆಯುವ ಮೊದಲು ನಿಮ್ಮ 1.98 ಲಕ್ಷ ಬಾಡಿಗೆ 1.34 ಲಕ್ಷಕ್ಕೆ ಇಳಿಯುತ್ತದೆ. ಮೊದಲ ವರ್ಷದ ಬಡ್ಡಿಯೇ ಸುಮಾರು 2.95 ಲಕ್ಷ. ಹತ್ತಿರ ಹತ್ತಿರ 1.6 ಲಕ್ಷ ನಷ್ಟ. ಹಳೆ ತೆರಿಗೆ ಪದ್ಧತಿಯಲ್ಲಿ ಇಂಥ ನಷ್ಟವನ್ನು 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆಗುವುದಿಲ್ಲ. ಬಾಡಿಗೆಗೆ ತೆರಿಗೆ ಬೀಳುವುದಿಲ್ಲ, ಸಂಬಳದ ತೆರಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ, ಅಷ್ಟೇ.

ಹಾಗಂತ ಹಳೆ ಪದ್ಧತಿಗೆ ಹಾರಬೇಡಿ. 2025-26ರ ದರದಲ್ಲಿ ನಿಮ್ಮ 15 ಲಕ್ಷಕ್ಕೆ ಹೊಸ ಪದ್ಧತಿಯ ತೆರಿಗೆ 97,500. ಹಳೆಯದರಲ್ಲಿ ಪಿಎಫ್, ಎಲ್‌ಐಸಿ ಅಂತ 1.5 ಲಕ್ಷ ಪೂರ್ತಿ ತೋರಿಸಿ, ಈ ಮನೆಯ ನಷ್ಟವನ್ನೂ ಕಳೆದರೂ 1.60 ಲಕ್ಷ ಬರುತ್ತದೆ. ಬೇರೆ ದೊಡ್ಡ ವಿನಾಯಿತಿ ಇಲ್ಲದವರಿಗೆ ಮನೆ ಸಾಲ ಮಾಡಿ ತೆರಿಗೆ ಉಳಿಸುವ ದಾರಿ ಹೆಚ್ಚುಕಮ್ಮಿ ಮುಚ್ಚಿದೆ.

40 ಲಕ್ಷ ಬರೆಸುವ ವಿಷಯ. ಮಾರ್ಗಸೂಚಿ ದರ (ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆ) ಅದಕ್ಕಿಂತ ಜಾಸ್ತಿ ಇದ್ದರೆ ಡ್ಯೂಟಿ ಆ ದರದ ಮೇಲೇ ಬೀಳುತ್ತದೆ. ಬ್ಯಾಂಕ್ ನೋಡುವುದು ಕಾಗದದ ಬೆಲೆ. 40 ಲಕ್ಷಕ್ಕೆ 80 ಪರ್ಸೆಂಟ್ ಅಂದರೆ 32 ಲಕ್ಷ, ನಿಮಗೆ ಬೇಕಾದ 35 ಸಿಗುವುದೇ ಇಲ್ಲ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಅದು ಅವರ ತಲೆನೋವು ಅಂತೀರಾ? ನಿಮ್ಮದನ್ನೂ ಕೇಳಿ. 20 ಲಕ್ಷ ಮುಚ್ಚಿಟ್ಟು ಡ್ಯೂಟಿ, ನೋಂದಣಿ ಶುಲ್ಕದಲ್ಲಿ ಉಳಿಸುವುದು 1.52 ಲಕ್ಷ. ಮುಂದೆ ಮಾರುವಾಗ ಆ 20 ಲಕ್ಷ ನಿಮ್ಮ ಲಾಭ ಅಂತಲೇ ಲೆಕ್ಕಕ್ಕೆ ಬಂದು, 12.5 ಪರ್ಸೆಂಟ್ ದರದಲ್ಲಿ ಕಟ್ಟುವುದು 2.5 ಲಕ್ಷ. ಮಾರುವವರ ತೆರಿಗೆಯನ್ನು ನೀವು ಯಾಕೆ ಹೊರುತ್ತೀರಿ? 60 ಲಕ್ಷ ಬರೆಸಿದರೆ ಇನ್ನೊಂದು ಕೆಲಸ ಇದೆ: 50 ಲಕ್ಷ ಮುಟ್ಟಿದ ವ್ಯವಹಾರದಲ್ಲಿ ಮಾರುವವರಿಗೆ ಕೊಡುವ ಹಣದಲ್ಲೇ 1 ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದು ಅವರ ಪ್ಯಾನ್‌ಗೆ ಕಟ್ಟುವುದು ಕೊಳ್ಳುವವರ ಹೊಣೆ.

ಜಾಗದ ರೇಟು ಏರುತ್ತದಲ್ವಾ ಅಂತ ನೀವು ಕೇಳಬಹುದು. ಏರಬಹುದು. ಆಗ ಅದು ಜಾಗದ ಮೇಲಿನ ಆಟ, ಬಾಡಿಗೆ ಆದಾಯ ಅಂತ ಹೆಸರಿಡಬೇಡಿ. ಇನ್ನೊಂದು ಮಾತು, ನಿಮ್ಮ ಸಂಬಳ ನಿಂತಿರುವುದು ಉಕ್ಕಿನ ಮೇಲೆ, ಬಳ್ಳಾರಿಯ ಬಾಡಿಗೆಯಲ್ಲೂ ಅದಿರು, ಉಕ್ಕಿನ ದುಡ್ಡೇ ಓಡಾಡುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆ ನಿಲ್ಲಿಸಿದ್ದನ್ನು ನೀವೇ ನೋಡಿರುತ್ತೀರಿ. ಕೆಲಸ, ಬಾಡಿಗೆ, ಸಾಲ ಮೂರನ್ನೂ ಒಂದೇ ಗೂಟಕ್ಕೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ.

ನಾನಾಗಿದ್ದರೆ ಪಾರ್ವತಿ ನಗರದ ಮನೆ ಮೇಲೆಯೇ ಒಂದು ಮನೆ ಎಬ್ಬಿಸುತ್ತಿದ್ದೆ. 20 ಲಕ್ಷ ಖರ್ಚಾಗಿ 9 ಸಾವಿರ ಬಾಡಿಗೆ ಬಂದರೂ ವರ್ಷಕ್ಕೆ 1.08 ಲಕ್ಷ, ಖರ್ಚು ಕಳೆಯುವ ಮೊದಲು ನೂರಕ್ಕೆ 5.4. ಸ್ಟ್ಯಾಂಪ್ ಡ್ಯೂಟಿ ಇಲ್ಲ, ಸಾಲವೂ ಬೇಡ. ಎಫ್‌ಡಿ ಬಡ್ಡಿಗೆ ಪೂರ್ತಿ ತೆರಿಗೆ, ಬಾಡಿಗೆಗೆ ಆ 30 ಪರ್ಸೆಂಟ್ ರಿಯಾಯಿತಿ ಇದೆ. ಮೊದಲು ಇಂಜಿನಿಯರ್ ಕರೆಸಿ ಪಿಲ್ಲರ್, ಬುನಾದಿ ತಡೆಯುತ್ತಾ ನೋಡಿಸಿ, ಪಾಲಿಕೆಯ ಪರವಾನಗಿ ತೆಗೆದುಕೊಳ್ಳಿ. ಮೇಲಿನ ಮನೆಗೆ ಬೇರೆ ಮೀಟರ್ ಹಾಕಿಸಿ. ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಒಂದೇ ಮೀಟರಿನಲ್ಲಿ ಎರಡು ಸಂಸಾರ ಇದ್ದರೆ ದಿನಾ ಜಗಳ.

ಕೌಲ್ ಬಜಾರಿನ ಅದೇ ಮನೆ 43 ಲಕ್ಷಕ್ಕೆ ಇಳಿದರೆ, ಅಂದರೆ ಖರ್ಚು ಕಳೆದ 1.72 ಲಕ್ಷ ನೂರಕ್ಕೆ 4 ಆದರೆ, ಮತ್ತೆ ಬರೆಯಿರಿ. ಆಗ ಇ-ಖಾತಾ, ಇಸಿ (ಋಣಭಾರ ಪತ್ರ) ನೋಡೋಣ.

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದೊಂದು ಮನೆ ಇದೆ. 6 ಲಕ್ಷಕ್ಕೆ ಲೀಸಿಗೆ ಕೊಟ್ಟರೆ ಬಾಡಿಗೆಯೇ ಇಲ್ಲ, ಹಾಗಾಗಿ ತೆರಿಗೆಯೂ ಇಲ್ಲ ಅನ್ನುತ್ತಾರೆ. ನಿಜವೇ?
– ಗೃಹಿಣಿ, ರಾಯಚೂರು

ಉತ್ತರ: ಇಲ್ಲ ಮೇಡಂ. ಕೈಗೆ ಬಾಡಿಗೆ ಬರದಿದ್ದರೂ ಆ ಏರಿಯಾದಲ್ಲಿ ಅಂಥ ಮನೆಗೆ ಎಷ್ಟು ಬರಬಹುದೋ ಅದನ್ನೇ ಆದಾಯ ಅಂತ ಹಿಡಿಯುತ್ತಾರೆ. 6 ಲಕ್ಷವನ್ನು ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ಒಂದು ವರ್ಷ ದಾಟುವ ಲೀಸ್ ನೋಂದಣಿ ಆಗಲೇಬೇಕು, ನೋಟರಿ ಸಾಲದು. ಆ ದುಡ್ಡನ್ನು ಮಗಳ ಮದುವೆಗೋ ಹೊಲಕ್ಕೋ ಹಾಕುವ ಯೋಚನೆ ಇದ್ದರೆ ಲೀಸೇ ಬೇಡ, ಅವಧಿ ಮುಗಿದ ದಿನ ಪೂರ್ತಿ ವಾಪಸ್ ಕೊಡಬೇಕು.

ಪ್ರಶ್ನೆ: ಕೊಪ್ಪಳದ ಭಾಗ್ಯನಗರದಲ್ಲಿ ಮಳಿಗೆ ಇದೆ, ತಿಂಗಳಿಗೆ 30 ಸಾವಿರ ಬಾಡಿಗೆ. ನನಗೆ ಜಿಎಸ್‌ಟಿ ನಂಬರ್ ಇಲ್ಲ. ಅಂಗಡಿಯವರು 18 ಪರ್ಸೆಂಟ್ ನನ್ನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ ಅನ್ನುತ್ತಿದ್ದಾರೆ.
– ಓದುಗ, ಭಾಗ್ಯನಗರ

ಉತ್ತರ: ನಿಮ್ಮ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವುದಿಲ್ಲವಾದರೆ ನಿಮಗೆ ನೋಂದಣಿ ಬೇಕಿಲ್ಲ. ಜಿಎಸ್‌ಟಿ ನೋಂದಣಿ ಇರುವ ಬಾಡಿಗೆದಾರರು 2024ರ ಅಕ್ಟೋಬರ್ 10ರಿಂದ ಈ 18 ಪರ್ಸೆಂಟನ್ನು ತಾವೇ ಸರ್ಕಾರಕ್ಕೆ ಕಟ್ಟಬೇಕು. ಅವರು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಪದ್ಧತಿ) ಅದೂ ಇಲ್ಲ. ಕಾನೂನು ಹೊರೆ ಹಾಕಿರುವುದು ಅವರ ಮೇಲೆ. ಅವರ ವ್ಯಾಪಾರಕ್ಕೆ ಜಿಎಸ್‌ಟಿ ಇದ್ದರೆ ಸಾಮಾನ್ಯವಾಗಿ ಅದನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಇನ್‌ಪುಟ್ ಅಂತ ಕಳೆದು ಹೊಂದಿಸಿಕೊಳ್ಳುತ್ತಾರೆ, ನಿಮ್ಮಿಂದಲೂ ಮುರಿದರೆ ಎರಡು ಸಲ ಸಿಕ್ಕಂತಾಯಿತು. ಕರಾರಿನಲ್ಲಿ ಈ ಬಗ್ಗೆ ಏನು ಬರೆದಿದೆ ನೋಡಿ. ಏನೂ ಇಲ್ಲದಿದ್ದರೆ 30 ಸಾವಿರ ಪೂರ್ತಿ ಕೇಳಿ. ಮುಂದಿನ ಕರಾರಿನಲ್ಲಿ 'ಜಿಎಸ್‌ಟಿ ಬಾಡಿಗೆದಾರರದ್ದು' ಅಂತ ಒಂದು ಸಾಲು ಸೇರಿಸಿ.