ಐರನ್ ಡ್ರೂಯಿಡ್ ಸರಣಿಯ ಕೊನೆಯ ಆಡಿಯೋಬುಕ್: ಕೇಳಲೋ, ಓದಲೋ, ಬಿಟ್ಟೇಬಿಡಲೋ?

ನಿಮ್ಮ ಪ್ರಶ್ನೆ ಇಷ್ಟು: ಕೆವಿನ್ ಹರ್ನ್ ಬರೆದ ಐರನ್ ಡ್ರೂಯಿಡ್ ಸರಣಿಯ ಎಂಟು ಕಾದಂಬರಿಗಳನ್ನೂ ಆಡಿಯೋದಲ್ಲೇ ಕೇಳಿದ್ದೀರಿ. ಒಂಬತ್ತನೆಯದೂ ಕಡೆಯದೂ ಆದ ‘ಸ್ಕರ್ಜ್ಡ್’ ಫೋನಿನಲ್ಲಿ ಇಳಿದು ತಿಂಗಳುಗಳಾಗಿವೆ. ಆದರೆ “ನಗು ಕಡಿಮೆಯಂತೆ, ಅಂತ್ಯ ಕಹಿಯಂತೆ” ಎಂಬ ಮಾತು ಕಿವಿಗೆ ಬಿದ್ದು ಒತ್ತಲು ಬೆರಳು ಏಳುತ್ತಿಲ್ಲ. ಕೇಳಬೇಕೇ, ಪುಸ್ತಕ ತಿರುವಿಹಾಕಿದರೆ ಸಾಕೇ, ಎಂಟಕ್ಕೇ ನಿಲ್ಲಿಸಿಬಿಡಲೇ? ಕೇಳುವುದಾದರೆ ಹೇಗೆ?

ಕೇಳಿ. ನಾನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದೂಡಿ, ಕಳೆದ ವಾರವಷ್ಟೇ ಮುಗಿಸಿದೆ. ಹಾಗಾಗಿ ಇದು ಬಿಸಿ ಬಿಸಿ ಅಭಿಪ್ರಾಯ. ಇನ್ನೆರಡು ತಿಂಗಳು ಬಿಟ್ಟು ಕೇಳಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲವೇನೋ.

ಈ ಸರಣಿ ಗೊತ್ತಿಲ್ಲದೆ ಇಲ್ಲಿಗೆ ಬಂದವರಿಗೆ ಎರಡು ಮಾತು. ಅಮೆರಿಕದ ಅರಿಜೋನಾದ ಟೆಂಪಿ ಎಂಬ ಊರಿನಲ್ಲಿ ಪುಸ್ತಕ, ಗಿಡಮೂಲಿಕೆ ಮಾರುವ ಅಂಗಡಿ ಇಟ್ಟುಕೊಂಡವನು ಆಟಿಕಸ್. ನೋಡುವವರಿಗೆ 21ರ ಹುಡುಗ. ಅಸಲಿ ವಯಸ್ಸು 21 ಶತಮಾನ, ಪ್ರಾಚೀನ ಐರ್ಲೆಂಡಿನ ಡ್ರೂಯಿಡ್, ಅಂದರೆ ಮಂತ್ರಶಕ್ತಿ ಬಲ್ಲ ಪುರೋಹಿತ. ಅವನಿಗೆ ಹಗಲು ಕೆಲಸಕ್ಕೆ ತೋಳವಾಗಿ ಬದಲಾಗುವ ಒಬ್ಬ ವಕೀಲ, ರಾತ್ರಿ ಕೆಲಸಕ್ಕೆ ರಕ್ತ ಹೀರುವ ಇನ್ನೊಬ್ಬ ವಕೀಲ. ವಕೀಲರ ಬಗ್ಗೆ ಇಷ್ಟು ಕಡಿಮೆ ಪದಗಳಲ್ಲಿ ಇಷ್ಟು ದೊಡ್ಡ ಜೋಕು ನಾನು ಬೇರೆಲ್ಲೂ ಕಂಡಿಲ್ಲ. ಜೊತೆಗೆ ಒಬೆರಾನ್ ಎಂಬ ಐರಿಷ್ ವುಲ್ಫ್‌ಹೌಂಡ್ ನಾಯಿ. ಇಬ್ಬರೂ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಾರೆ. ನಾಯಿಗೆ ಸ್ನಾನ ಮಾಡಿಸುವಾಗ ಒಂದು ಕತೆ ಹೇಳಲೇಬೇಕು. ಗೆಂಘಿಸ್ ಖಾನನ ಕತೆ ಹೇಳಿದ ತಪ್ಪಿಗೆ ಅದು ತಾನೂ ಖಾನನಾಗಬೇಕು, ತನಗೂ ಪೂಡಲ್ ಜಾತಿಯ ನಾಯಿಗಳ ಅಂತಃಪುರ ಬೇಕು ಎಂದು ಹಟ ಹಿಡಿಯುತ್ತದೆ. 2011ರಲ್ಲಿ ಮೊದಲ ಮೂರು ಭಾಗಗಳು ತಿಂಗಳಿಗೊಂದರಂತೆ ಬಂದವು, ಕಡೆಯದು 2018ರಲ್ಲಿ.

ಈಗ ನಿಮ್ಮ ವಿಷಯ. ಪುಸ್ತಕ ಬೇಡ, ಆಡಿಯೋನೇ ಇರಲಿ ಎನ್ನುವುದಕ್ಕೆ ನನ್ನ ಕಾರಣ ಆ ನಾಯಿ.

ಅಚ್ಚಿನಲ್ಲಿ ಒಬೆರಾನ್‌ನ ಮಾತನ್ನು ಕೋನಾಕಾರದ ಆವರಣ ಚಿಹ್ನೆಗಳ ನಡುವೆ ಹಾಕುತ್ತಾರೆ, ಇದು ಬಾಯಿಂದ ಬಂದದ್ದಲ್ಲ, ಮನಸ್ಸಿನಿಂದ ಬಂದದ್ದು ಎಂದು ತಿಳಿಯಲಿ ಅಂತ. ಕಣ್ಣು ಆ ಚಿಹ್ನೆ ಕಂಡ ಕ್ಷಣ “ಓ, ಈಗ ನಾಯಿ ಜೋಕು” ಎಂದು ಸಿದ್ಧವಾಗಿಬಿಡುತ್ತದೆ. ಕಿವಿಗೆ ಆ ಮುನ್ಸೂಚನೆ ಇಲ್ಲ. ಆಡಿಯೋದಲ್ಲಿ ಕತೆ ಓದುವ ಲ್ಯೂಕ್ ಡೇನಿಯಲ್ಸ್ ಗಂಭೀರವಾಗಿ ಯಾವುದೋ ದೇವತೆಯ ಶಾಪದ ಬಗ್ಗೆ ಹೇಳುತ್ತಿರುವಾಗ, ನಡುವೆ ಆ ದಪ್ಪ, ಭೋಳೇ ದನಿ ಸಾಸೇಜ್ ಎಲ್ಲಿ ಎಂದು ವಿಚಾರಿಸುತ್ತದೆ. ಪಾತ್ರೆ ತೊಳೆಯುತ್ತಾ ಒಬ್ಬನೇ ನಕ್ಕು, ಮನೆಯವರಿಂದ ವಿಚಿತ್ರ ನೋಟ ಪಡೆದವನು ನಾನು. ಒಂದೆರಡು ಭಾಗಗಳನ್ನು ಪುಸ್ತಕವಾಗಿಯೂ ಓದಿದ್ದೇನೆ; ಮುಗುಳ್ನಕ್ಕೆ, ಅಷ್ಟೇ.

ಹೆಸರುಗಳ ವಿಷಯವೂ ಹಾಗೆಯೇ. ಬರೆದಂತೆ ಓದುವ ಭಾಷೆಯಲ್ಲಿ ಬೆಳೆದ ನಮಗೆ ಐರಿಷ್ ಕಾಗುಣಿತ ಶುದ್ಧ ಅನ್ಯಾಯ. ಆಟಿಕಸ್‌ನ ಹುಟ್ಟು ಹೆಸರನ್ನು ಅಚ್ಚಿನಲ್ಲಿ ನೋಡಿ ನಾನು ಮನಸ್ಸಿನಲ್ಲಿ ‘ಸಿಯೋಧಚನ್’ ಎಂದು ಓದಿಕೊಂಡಿದ್ದೆ, ಯಾವುದೋ ಆಯುರ್ವೇದದ ಚೂರ್ಣದ ಹಾಗೆ. ಅದು ‘ಶೀಯಹಾನ್’. ಉಚ್ಚಾರದ ಪಟ್ಟಿಯನ್ನು ಲೇಖಕರು ಪುಸ್ತಕದ ಮೊದಲಲ್ಲೇ ಕೊಟ್ಟಿದ್ದಾರೆ ನಿಜ, ಆದರೆ ಹಾಸ್ಯ ಓದುವಾಗ ಪುಟ ಹಿಂದೆ ತಿರುವಿ ಪಟ್ಟಿ ನೋಡುವವರು ಯಾರು?

ಎಂಟು ಭಾಗ ಒಂದೇ ದನಿಯಲ್ಲಿ ಕೇಳಿದ ಮೇಲೆ ಒಂಬತ್ತನೆಯದನ್ನು ಮೌನವಾಗಿ ಓದುವುದು ನನಗಂತೂ ಆಗದ ಮಾತು. ದನಿ ಎಷ್ಟು ಅಂಟಿಕೊಳ್ಳುತ್ತದೆ ಎಂಬುದಕ್ಕೆ ಪಕ್ಕದ ಮನೆಯ ಉದಾಹರಣೆ: ಇದೇ ಜಾತಿಯ ಡ್ರೆಸ್ಡೆನ್ ಫೈಲ್ಸ್ ಸರಣಿಯನ್ನು ಓದುತ್ತಾ ಬಂದವರು ಜೇಮ್ಸ್ ಮಾರ್ಸ್ಟರ್ಸ್. 2011ರಲ್ಲಿ ಒಂದು ಭಾಗಕ್ಕೆ ಅವರು ಸಿಗದೆ ಜಾನ್ ಗ್ಲೋವರ್ ಓದಿದರು. ಗ್ಲೋವರ್ ನುರಿತ ನಟರೇ. ಆದರೂ ಕೆಲವು ವರ್ಷಗಳ ನಂತರ ಅದೇ ಭಾಗವನ್ನು ಮಾರ್ಸ್ಟರ್ಸ್ ದನಿಯಲ್ಲಿ ಮತ್ತೆ ಧ್ವನಿಮುದ್ರಿಸಲಾಯಿತು. ನಿಮ್ಮ ಸರಣಿಗೆ ಆ ಕಷ್ಟ ಬರಲಿಲ್ಲ. ಮೊದಲಿಂದ ಕಡೆಯವರೆಗೆ ಡೇನಿಯಲ್ಸ್ ಒಬ್ಬರೇ.

ಇನ್ನು “ನಗು ಕಡಿಮೆಯಂತೆ” ಎಂಬ ದೂರು. ದೂರು ಸುಳ್ಳಲ್ಲ. ಆಟಿಕಸ್ ಯುದ್ಧಕ್ಕೆ ಹೊರಡುವಾಗ ನಾಯಿಯನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟು ಹೋಗುತ್ತಾನೆ (ಇಷ್ಟು ಹೇಳಿದರೆ ಗುಟ್ಟು ರಟ್ಟಾಗುವುದಿಲ್ಲ, ನೀವೇ ಊಹಿಸಿರುತ್ತೀರಿ). ಅಂದರೆ ಈ ಸರಣಿಯ ಅರ್ಧ ನಗು ಮನೆಯಲ್ಲೇ ಉಳಿಯಿತು. ಆಟಿಕಸ್, ಅವನ ಶಿಷ್ಯೆ ಗ್ರಾನ್ಯವೇಲ್, ಗುರು ಓವನ್ ಮೂವರೂ ಭೂಮಿಯ ಮೂರು ಕಡೆ ಚದುರಿ, ಅಧ್ಯಾಯಗಳು ಅವರ ನಡುವೆ ಹಂಚಿಹೋಗಿವೆ. ಒಬ್ಬರ ಕಾಲು ಒಬ್ಬರು ಎಳೆಯುವುದಕ್ಕೆ ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ? ಓವನ್‌ಗೆ ಮಾತ್ರ ಯಾರೂ ಬೇಕಿಲ್ಲ. ಎರಡು ಸಾವಿರ ವರ್ಷ ಕಾಲದಲ್ಲಿ ಸಿಕ್ಕಿಬಿದ್ದು ಎದ್ದು ಬಂದ ಮುದುಕ, ಬಾಯಿ ತೆರೆದರೆ ಬೈಗುಳ. ಗೋಡೆಯೊಂದಿಗಾದರೂ ಜಗಳ ಆಡಬಲ್ಲ. ನನಗೆ ಈ ಭಾಗದಲ್ಲಿ ನಗು ಸಿಕ್ಕಿದ್ದು ಹೆಚ್ಚಾಗಿ ಅವನ ಅಧ್ಯಾಯಗಳಲ್ಲೇ.

ಆದರೆ ಮೂರನೆಯ ಭಾಗ ‘ಹ್ಯಾಮರ್ಡ್’ ನೆನಪಿದೆಯೇ? ಯೇಸುಸ್ವಾಮಿ ಬಂದು ಆಟಿಕಸ್ ಜೊತೆ ಪಬ್ಬಿನಲ್ಲಿ ಕೂತು, ನಾರ್ಸ್ ಪುರಾಣದ ಗುಡುಗಿನ ದೇವರು ಥಾರ್‌ನ ಮೇಲೆ ಕೈಮಾಡಬೇಡ, ಪರಿಣಾಮ ನೆಟ್ಟಗಿರುವುದಿಲ್ಲ ಎಂದು ಬುದ್ಧಿ ಹೇಳುತ್ತಾರೆ. ಪಬ್ಬು, ಕುಡಿತ, ಆ ಅತಿಥಿ ಎಂದು ನಾವೆಲ್ಲ ನಕ್ಕೆವು. ಬುದ್ಧಿಮಾತು ಗಾಳಿಗೆ ಹೋಯಿತು. ಆಟಿಕಸ್‌ಗೂ ಹಾಗೇ ಆಯಿತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಆ ದೇವರುಗಳ ಲೋಕವಾದ ಆಸ್ಗಾರ್ಡ್‌ಗೆ ನುಗ್ಗಿದ, ಆಗಬಾರದ್ದು ಆಯಿತು. ಒಂಬತ್ತನೆಯ ಭಾಗದ ರಾಗ್ನರಾಕ್, ಅಂದರೆ ನಾರ್ಸ್ ಪುರಾಣದ ಪ್ರಳಯ, ಆಕಾಶದಿಂದ ಉದುರಿದ್ದಲ್ಲ. ಅಂದು ನಗುತ್ತಾ ಎತ್ತಿದ ಸಾಲ ಬಡ್ಡಿ ಸಮೇತ ವಸೂಲಿಗೆ ಬಂದದ್ದು. ವಸೂಲಿಗೆ ಬಂದವನು ಜೋಕು ಹೇಳುತ್ತಾನೆಯೇ? ಅಂತ್ಯ ಕಹಿ ಎಂದವರು ಈ ಲೆಕ್ಕವನ್ನು ಮರೆತಿದ್ದಾರೆ ಎಂದು ನನ್ನ ಅನಿಸಿಕೆ. ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾರೆ. ಇಷ್ಟು ದೇವರುಗಳನ್ನು ಒಟ್ಟುಹಾಕಿ ಯುದ್ಧವನ್ನು ಅಷ್ಟು ಬೇಗ ಮುಗಿಸಿದ್ದು ನನಗೆ ಅವಸರ ಅನಿಸಿತು. ಗ್ರಾನ್ಯವೇಲ್‌ಗೆ ಇನ್ನೂ ಎರಡು ಅಧ್ಯಾಯ ಸಲ್ಲಬೇಕಿತ್ತು.

ಹೇಗೆ ಕೇಳುವುದು ಎಂದೂ ಕೇಳಿದ್ದೀರಿ. ವೇಗ ಹೆಚ್ಚಿಸಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು: ಏಳು, ಎಂಟನೆಯ ಭಾಗಗಳನ್ನು ಬೇಗ ಮುಗಿಸುವ ಆಸೆಗೆ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದೆ, “ಈ ಸರಣಿ ಸಪ್ಪೆಯಾಗುತ್ತಿದೆ” ಎಂದು ಗೊಣಗಿಕೊಂಡೆ. ಆಮೇಲೆ ಒಂದು ಅಧ್ಯಾಯವನ್ನು ಸಹಜ ವೇಗದಲ್ಲಿ ಮತ್ತೆ ಹಾಕಿದಾಗ ಗೊತ್ತಾಯಿತು, ಸಪ್ಪೆಯಾಗಿದ್ದು ಕತೆಯಲ್ಲ. ವೇಗ ಹೆಚ್ಚಿಸಿದರೆ ದನಿಯ ಮಟ್ಟ ಕೀರಲಾಗದಂತೆ ಆ್ಯಪ್ ನೋಡಿಕೊಳ್ಳುತ್ತದೆ, ಮಾತೂ ಅರ್ಥವಾಗುತ್ತದೆ. ಆದರೆ ಒಂದು ಸೆಕೆಂಡಿನ ಬಿಡುವು ಮೂರನೇ ಎರಡರಷ್ಟಕ್ಕೆ ಕುಗ್ಗುತ್ತದೆ. ನಾಯಿ ಏನೋ ಎಡವಟ್ಟು ಹೇಳುತ್ತದೆ, ಆಟಿಕಸ್ ಒಂದು ಉಸಿರು ಸುಮ್ಮನಿರುತ್ತಾನೆ, ಆಮೇಲೆ ಉತ್ತರ. ಆ ಉಸಿರೇ ಜೋಕು. ಕಡೆಯ ಭಾಗದಲ್ಲಿ ಅಂಥ ಬಿಡುವುಗಳು ನಗುವಿಗಿಂತ ಹೆಚ್ಚಾಗಿ ಬೇರೆ ಕೆಲಸಕ್ಕೆ ಬಳಕೆಯಾಗಿವೆ, ಆಗಂತೂ ಕುಗ್ಗಿಸಿದರೆ ಏನೂ ಉಳಿಯುವುದಿಲ್ಲ.

ಮಲಗುವಾಗ ಹಾಕಿಕೊಂಡು ಕೇಳುವ ಅಭ್ಯಾಸ ಇದ್ದರೆ ಈ ಒಂದಕ್ಕೆ ಬಿಡಿ. ದೃಷ್ಟಿಕೋನ ಅಧ್ಯಾಯಕ್ಕೊಮ್ಮೆ ಬದಲಾಗುತ್ತದೆ, ಎಲ್ಲರೂ ‘ನಾನು’ ಎಂದೇ ಹೇಳುತ್ತಾರೆ. ನಿದ್ದೆಯಿಂದ ಎಚ್ಚೆತ್ತರೆ ಯಾವ ‘ನಾನು’ ಯಾವ ಖಂಡದಲ್ಲಿ ಯಾರನ್ನು ಹೊಡೆಯುತ್ತಿದ್ದಾನೆ, ಹೊಡೆಯುತ್ತಿದ್ದಾಳೆ ಎಂದು ಹುಡುಕುವುದೇ ಕೆಲಸ.

ಇನ್ನೊಂದು: ಪರದೆಯಲ್ಲಿ ಉಳಿದ ನಿಮಿಷಗಳನ್ನು ನೋಡಬೇಡಿ. ನಾನು ನೋಡಿದೆ. ಹೋರಾಟ ಮುಗಿಯಿತು, ಇನ್ನೂ ಇಷ್ಟು ನಿಮಿಷ ಇದೆ, ಅಂದರೆ ಮುಂದೆ ಏನೋ ಕಾದಿದೆ ಎಂದು ಲೆಕ್ಕ ಹಾಕಿ ನಾನೇ ನನ್ನ ಕತೆ ಕೆಡಿಸಿಕೊಂಡೆ. ಫೋನನ್ನು ಜೇಬಿಗೆ ಹಾಕಿ ನಡೆಯಲು ಹೋಗಿ.

ಶುರುಮಾಡುವ ಮೊದಲು ‘ಬಿಸೀಜ್ಡ್’ ಎಂಬ 2017ರ ಸಣ್ಣಕತೆಗಳ ಸಂಕಲನ ಕೇಳಿದ್ದೀರಾ ನೋಡಿಕೊಳ್ಳಿ. ಕಾದಂಬರಿಗಳ ಎಣಿಕೆಯಲ್ಲಿ ಸೇರದ್ದರಿಂದ ಬಹಳ ಜನ ಹಾರಿಸಿಬಿಡುತ್ತಾರೆ. ಅದರ ಕಡೆಯ ಕತೆ ನೇರವಾಗಿ ‘ಸ್ಕರ್ಜ್ಡ್’ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಅದಿಲ್ಲದೆ ಹೋದರೆ ಮದುವೆಮನೆಗೆ ಊಟದ ಹೊತ್ತಿಗೆ ಹೋದಂತೆ, ಯಾರ ಮೇಲೆ ಯಾರಿಗೆ ಮುನಿಸು ತಿಳಿಯುವುದಿಲ್ಲ.

ಮುಗಿದ ಮೇಲೆ ಏನು ಎಂಬ ಭಯ ನಿಮ್ಮ ಪ್ರಶ್ನೆಯ ಅಡಿಯಲ್ಲಿ ಇದೆ ಎಂದು ನನಗೆ ಅನುಮಾನ, ಏಕೆಂದರೆ ನನ್ನ ಮುಂದೂಡಿಕೆಗೆ ನಿಜವಾದ ಕಾರಣ ಅದೇ ಆಗಿತ್ತು. 2020ರಲ್ಲಿ ಇದೇ ಲೋಕದಲ್ಲಿ ‘ಇಂಕ್ ಆ್ಯಂಡ್ ಸಿಜಿಲ್’ ಎಂಬ ಹೊಸ ಸರಣಿ ಶುರುವಾಯಿತು. ಗ್ಲಾಸ್ಗೋ ನಗರ, ಅರವತ್ತು ದಾಟಿದ ನಾಯಕ. ಅವನ ದನಿಯನ್ನು ಸ್ವಲ್ಪ ಕಾಲ ಕೇಳಿದವರೆಲ್ಲ ಅವನನ್ನು ದ್ವೇಷಿಸತೊಡಗುತ್ತಾರೆ ಎಂಬ ಶಾಪ ಇರುವುದರಿಂದ ಪಾಪ ಫೋನಿನಲ್ಲಿ ಬೆರಳಚ್ಚು ಮಾಡಿ ಯಂತ್ರದ ಕೈಲಿ ಮಾತಾಡಿಸುತ್ತಾನೆ. ಮಾತಾಡದ ನಾಯಕನ ಕತೆಯನ್ನು ಗಂಟೆಗಟ್ಟಲೆ ದನಿಯಲ್ಲಿ ಕೇಳುವ ತಮಾಷೆ ಬೇರೆಯೇ.

ಅದಕ್ಕೂ ಮೊದಲು ಒಬೆರಾನ್ ತಾನೇ ಪತ್ತೇದಾರನಾಗಿರುವ ಎರಡು ಪುಟ್ಟ ಪುಸ್ತಕಗಳಿವೆ: ಒಂದರಲ್ಲಿ ಕಳುವಾದ ಪೂಡಲ್, ಇನ್ನೊಂದರಲ್ಲಿ ರೈಲು ಹತ್ತಿದ ಅಳಿಲು. ಪೂಡಲ್ ಕತೆ ಮೊನ್ನೆ ಕೇಳಿದೆ. ಅಳಿಲಿನದು ಫೋನಿನಲ್ಲಿದೆ, ಇನ್ನೂ ಒತ್ತಿಲ್ಲ.